ಕಷ್ಟಕಾಲಕ್ಕೆ ಕೂಡಿಟ್ಟ ಮನೆಸಾಮಾನು: ನನ್ನ ಅನುಭವ

ಕಷ್ಟಕಾಲಕ್ಕೆಂದು ಮನೆಯಲ್ಲಿ ಸಾಮಾನು ಕೂಡಿಡಲು ತೊಡಗಿದ ಮೊದಲ ಎರಡು ವರ್ಷ ನಾನು ಮಾಡಿದ್ದು ಬರೀ ಖರೀದಿ. ಯಾವುದು ಎಷ್ಟು ಬೇಕೆಂಬ ಲೆಕ್ಕವಿಲ್ಲದೆ, ಉಪಯೋಗಕ್ಕೆ ಬಂದೀತು ಎನಿಸಿದ್ದನ್ನೆಲ್ಲ ತಂದು ಅಟ್ಟಕ್ಕೆ ಏರಿಸುತ್ತಿದ್ದೆ. ಒಂದು ಮಳೆಗಾಲದಲ್ಲಿ ನೆರೆ ಬಂದು ಒಂಬತ್ತು ದಿನ ದಾರಿಯೂ ವಿದ್ಯುತ್ತೂ ಕಡಿದುಹೋದಾಗ ಆ ದಾಸ್ತಾನು ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತದೆಂಬುದು ಗೊತ್ತಾಯಿತು. ಮೇಣದಬತ್ತಿ ಬೇಕಾದಷ್ಟಿತ್ತು, ಹಚ್ಚಲು ಬೆಂಕಿಯಿರಲಿಲ್ಲ. ಹನ್ನೆರಡು ಬೆಂಕಿಪೊಟ್ಟಣಗಳಿದ್ದವು, ಕಡ್ಡಿಗಳೂ ನೋಡಲು ಚೆನ್ನಾಗಿಯೇ ಇದ್ದವು. ಆದರೆ ಪೊಟ್ಟಣದ ಪಕ್ಕದ ಕಂದು ಪಟ್ಟಿ ತೇವ ಹೀರಿ ಮೆತ್ತಗಾಗಿ, ಮೊದಲ ಗೀರಿಗೇ ಸಿಪ್ಪೆಯಂತೆ ಸುಲಿದು ಕಡ್ಡಿಯ ತುದಿಗೆ ಅಂಟಿಕೊಂಡಿತು. ನಾವು ದಿನವೂ ಬಳಸುವ ಸುರಕ್ಷಿತ ಬೆಂಕಿಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ, ಹೊತ್ತಿಸುವ ಕೆಂಪು ರಂಜಕ ಇರುವುದು ಆ ಪಟ್ಟಿಯಲ್ಲಿ. ಪಟ್ಟಿ ಹಾಳಾದರೆ ನೂರು ಕಡ್ಡಿಗಳಿದ್ದರೂ ಅವು ಕಡ್ಡಿಗಳಷ್ಟೇ.

ನೆರೆ ಇಳಿದ ಮೇಲೆ ನಾನು ಹೊಸದಾಗಿ ಏನನ್ನೂ ಕೊಳ್ಳಲಿಲ್ಲ. ಒಂದು ನೋಟುಪುಸ್ತಕವನ್ನೂ ಅಳಿಸದ ಶಾಯಿಯ ಪೆನ್ನನ್ನೂ ಅಡುಗೆಮನೆಯ ಕಪಾಟಿನ ಪಕ್ಕ ಇಟ್ಟೆ. ಯಾವ ಸಾಮಾನನ್ನು ಒಡೆದರೂ ಅಂದಿನ ತಾರೀಖನ್ನು ಅದರ ಮೇಲೆಯೇ ಬರೆಯುವುದು, ಮುಗಿದ ದಿನ ಎರಡೂ ತಾರೀಖುಗಳನ್ನು ಪುಸ್ತಕಕ್ಕೆ ಏರಿಸುವುದು, ಇಷ್ಟೇ ಕೆಲಸ. ವರ್ಷ ತುಂಬುವಷ್ಟರಲ್ಲಿ ನಾಲ್ವರಿರುವ ನಮ್ಮ ಮನೆಯ ಖರ್ಚು ಅಂಕಿಗಳಲ್ಲಿ ಕೈಗೆ ಸಿಕ್ಕಿತು. ಮೈಸೋಪು ಆರು ದಿನಕ್ಕೊಂದು ಖರ್ಚಾಗುತ್ತಿತ್ತು. 90 ದಿನಗಳ ಗುರಿಯಿಟ್ಟುಕೊಂಡರೆ 15 ಸಾಕು, ನಾನು ಕೂಡಿಟ್ಟದ್ದು 60. ಅದೇ ಹೊತ್ತಿಗೆ ಮನೆಯ ಇಬ್ಬರು ಹೆಂಗಸರಿಗೆ ಬೇಕಾದ ಮುಟ್ಟಿನ ಪ್ಯಾಡುಗಳು ಒಂದು ತಿಂಗಳಿಗೂ ಸಾಲುವಂತಿರಲಿಲ್ಲ. ಅದನ್ನು ಬರೆದಿಟ್ಟ ದಿನ ನನಗೆ ನಿಜಕ್ಕೂ ನೋವಾಯಿತು, ಏಕೆಂದರೆ ಆ ಒಂಬತ್ತು ದಿನಗಳಲ್ಲಿ ಅವರು ಬಾಯಿಬಿಟ್ಟು ಹೇಳದೆ ಹಳೆಯ ಬಟ್ಟೆಯಲ್ಲಿ ಸುಧಾರಿಸಿದ್ದರು. ಈಗ ನಮ್ಮ ಪಟ್ಟಿಯ ಮೊದಲ ಸಾಲು ಅದೇ.

ಗುರಿ ನಿಶ್ಚಯವಾದ ಮೇಲೆ ತುಂಬಿಸುವುದು ಕಷ್ಟವಲ್ಲ. ಪ್ರತಿ ಬಾರಿ ಮಾಮೂಲಿ ಖರೀದಿಯ ಜೊತೆಗೆ ಒಂದೆರಡು ಹೆಚ್ಚಿಗೆ ತಂದು, ಹೊಸದನ್ನು ಹಿಂದಕ್ಕೆ ಇಟ್ಟು ಹಳೆಯದನ್ನು ಮುಂದಿನಿಂದ ತೆಗೆಯುತ್ತೇವೆ. ಕೊರತೆ ಶುರುವಾದ ಮೇಲೆ ಮಾತ್ರ ಹೆಚ್ಚಿಗೆ ಕೊಳ್ಳುವುದಿಲ್ಲ. 2020ರಲ್ಲಿ ಹಲವು ದೇಶಗಳಲ್ಲಿ ಟಾಯ್ಲೆಟ್ ಕಾಗದದ ಕಪಾಟುಗಳು ಬರಿದಾದದ್ದನ್ನು ಎಲ್ಲರೂ ನೋಡಿದ್ದೇವೆ. ಆ ಗಳಿಗೆಯಲ್ಲಿ ನಾನು ಎತ್ತಿಕೊಳ್ಳುವ ಹೆಚ್ಚುವರಿ ಕಟ್ಟು ಇನ್ನೊಬ್ಬರ ಮನೆಯ ಅಗತ್ಯವಾಗಿರುತ್ತದೆ.

ನೀರಿನ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕುಡಿಯಲು, ಅಡುಗೆಗೆ, ಕೈಬಾಯಿ ತೊಳೆಯಲು ಎಂದು ತಲೆಗೆ ದಿನಕ್ಕೆ ಸುಮಾರು 4 ಲೀಟರು ಬೇಕು. ಹಾಗೆಂದರೆ ನಮಗೆ ಎರಡು ವಾರಕ್ಕೆ 224 ಲೀಟರು; ಅದಕ್ಕಿಂತ ಹೆಚ್ಚು ಕೂಡಿಡಲು ಜಾಗವಿಲ್ಲ, ಆದ್ದರಿಂದ ಸಿಕ್ಕ ನೀರನ್ನು ಶುದ್ಧಮಾಡುವ ಸಾಧನವನ್ನೇ ಕೂಡಿಟ್ಟಿದ್ದೇನೆ. ಒಂದು ನಿಮಿಷ ಕೊತಕೊತ ಕುದಿಸುವುದು ಎಲ್ಲಕ್ಕಿಂತ ನಂಬಿಕೆಯ ದಾರಿ, ಸಮುದ್ರಮಟ್ಟದಿಂದ 2000 ಮೀಟರಿಗಿಂತ ಎತ್ತರದಲ್ಲಿರುವವರು ಮೂರು ನಿಮಿಷ ಕುದಿಸಬೇಕು. ಆದರೆ ಉರುವಲು ಉಳಿಸಬೇಕಾದಾಗ ಬ್ಲೀಚ್ ದ್ರಾವಣ ಕೈಹಿಡಿಯುತ್ತದೆ. ಪರಿಮಳವಾಗಲಿ ಬೇರೆ ಸೇರ್ಪಡೆಯಾಗಲಿ ಇಲ್ಲದ, ಶೇ. 5ರಿಂದ 6ರಷ್ಟು ಸೋಡಿಯಂ ಹೈಪೋಕ್ಲೋರೈಟ್ ಇರುವ ದ್ರಾವಣವಾದರೆ ಲೀಟರು ತಿಳಿನೀರಿಗೆ 2 ಹನಿ ಹಾಕಿ, ಕಲಕಿ, 30 ನಿಮಿಷ ಬಿಡುತ್ತೇನೆ; ನೀರು ಕದಡಿದ್ದರೆ ಬಟ್ಟೆಯಲ್ಲಿ ಸೋಸಿದ ಮೇಲೆ 4 ಹನಿ. ಕೊನೆಗೆ ಕ್ಲೋರಿನ್ನಿನ ತೆಳುವಾದ ವಾಸನೆ ಉಳಿದಿರಬೇಕು. ಕೀಟನಾಶಕವೋ ಎಣ್ಣೆಯೋ ಬೆರೆತ ನೀರನ್ನು ಈ ಎರಡೂ ವಿಧಾನಗಳು ಸರಿಮಾಡಲಾರವು, ಅಂಥ ನೀರನ್ನು ಮುಟ್ಟಬಾರದು. ಬ್ಲೀಚಿನ ದೋಷವೆಂದರೆ ಅದು ಕಾಯುವುದಿಲ್ಲ: ಬಿಸಿಲಿಗೂ ಸೆಕೆಗೂ ಸತ್ವ ಕಳೆದುಕೊಳ್ಳುತ್ತ ವರ್ಷದೊಳಗೆ ದುರ್ಬಲವಾಗುತ್ತದೆ. ಹಾಗಾಗಿ ಆರು ತಿಂಗಳು ದಾಟಿದ ಬಾಟಲಿ ನಮ್ಮಲ್ಲಿ ನೆಲ ಒರೆಸಲು ಹೋಗುತ್ತದೆ, ಅದರ ಜಾಗಕ್ಕೆ ಹೊಸದು ಬರುತ್ತದೆ. ಅದನ್ನು ಆಮ್ಲದ ಟಾಯ್ಲೆಟ್ ಕ್ಲೀನರಿನ ಹತ್ತಿರವೂ ಇಡುವುದಿಲ್ಲ. ಎರಡೂ ಬೆರೆತರೆ ಏಳುವುದು ವಿಷಾನಿಲ.

ಉಳಿದ ಸಾಮಾನುಗಳಲ್ಲಿ ಒಂದೊಂದೂ ಒಂದೊಂದು ರೀತಿ ಹಾಳಾಗುತ್ತದೆ. ಸೋಪು ಹಳೆಯದಾದಷ್ಟೂ ಗಟ್ಟಿಯಾಗಿ ನಿಧಾನವಾಗಿ ಸವೆಯುವುದರಿಂದ ಅದರ ಚಿಂತೆಯಿಲ್ಲ, ಬಟ್ಟೆಯ ಪುಡಿ ಮಾತ್ರ ತೇವ ಹಿಡಿದು ಹೆಂಟೆಯಾಗುತ್ತದೆ. ಆಲ್ಕಲೈನ್ ಬ್ಯಾಟರಿಯನ್ನು ಟಾರ್ಚಿನೊಳಗೇ ಬಿಟ್ಟು ಮರೆತರೆ ಕ್ಷಾರ ಸೋರಿ, ತುದಿಯಲ್ಲಿ ಉಪ್ಪಿನಂಥ ಬಿಳಿ ಹೊಪ್ಪಳೆ ಕಟ್ಟಿ, ಟಾರ್ಚಿನ ತಗಡನ್ನೂ ತಿನ್ನುತ್ತದೆ; ನಾನು ಎರಡು ಟಾರ್ಚುಗಳನ್ನು ಹಾಗೆ ಕಳೆದುಕೊಂಡೆ, ಮೂರನೆಯದನ್ನು ಕೈಗವಸು ತೊಟ್ಟು ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ ಉಳಿಸಿಕೊಂಡೆ. ಸೂಜಿಗಳ ವಿಷಯ ಸೂಕ್ಷ್ಮ. ಕಾಗದದಲ್ಲಿ ಚುಚ್ಚಿಟ್ಟಿದ್ದ ಸೂಜಿಗಳನ್ನು ತೆಗೆದಾಗ ಕಾಗದದೊಳಗಿದ್ದ ಭಾಗದಲ್ಲಷ್ಟೇ ಉಂಗುರದಂತೆ ತುಕ್ಕು ಕೂತಿತ್ತು, ಹೊರಗಿನ ತುದಿ ಫಳಫಳ ಹೊಳೆಯುತ್ತಿತ್ತು: ಕಾಗದ ಹಿಡಿದಿಟ್ಟ ತೇವ ಅಲ್ಲಿ ಕೆಲಸ ಮಾಡಿತ್ತು. ಈಗ ಹೊಲಿಗೆ ಯಂತ್ರದ ಎಣ್ಣೆ ಸೋಕಿಸಿದ ಬಟ್ಟೆಯ ಚೂರಿನಲ್ಲಿ ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಡುತ್ತೇನೆ. ಬೆಂಕಿಪೊಟ್ಟಣಗಳೂ ಇಡಿಯಾಗಿ, ಗೀರುಪಟ್ಟಿಯ ಸಮೇತ, ತೇವ ಹೀರುವ ಸಿಲಿಕಾ ಜೆಲ್ ಪುಡಿಕೆಯೊಂದಿಗೆ ಗಾಜಿನ ಭರಣಿ ಸೇರಿವೆ.

ಕೂಡಿಟ್ಟ ಸಾಮಾನು ಕೊಟ್ಟು ಬೇರೆ ಸಾಮಾನು ಪಡೆಯುವ ಸಾಟಿ ವ್ಯಾಪಾರದ ವಿಚಾರಕ್ಕೆ ಬಂದರೆ, ಎರಡನೆಯ ಮಹಾಯುದ್ಧದ ಯುದ್ಧಕೈದಿಗಳ ಶಿಬಿರಗಳಲ್ಲಿಯೂ, 1948ರ ಜೂನ್‌ನಲ್ಲಿ ಹೊಸ ಹಣ ಬರುವವರೆಗೆ ಸೋತ ಜರ್ಮನಿಯಲ್ಲಿಯೂ ಸಿಗರೇಟು ಹಣದಂತೆ ಚಲಾವಣೆಯಾಗಿತ್ತು. ಸೇದದವರೂ ಅದನ್ನು ತೆಗೆದುಕೊಳ್ಳುತ್ತಿದ್ದರು, ಏಕೆಂದರೆ ಅದು ಒಂದೇ ಅಳತೆಯದು, ಒಂದೊಂದಾಗಿ ಎಣಿಸಬಹುದಾದದ್ದು, ಜೇಬಿನಲ್ಲಿ ಒಯ್ಯಬಹುದಾದದ್ದು. ನಾನು ತಂಬಾಕನ್ನಾಗಲಿ ಮದ್ಯವನ್ನಾಗಲಿ ವಿನಿಮಯಕ್ಕೆಂದು ಇಡುವುದಿಲ್ಲ, ಆದರೆ ಆ ಗುಣಗಳನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ನೆರೆಯ ಐದನೆಯ ದಿನ ಪಕ್ಕದ ಮನೆಯವರು ಒಣಗಿದ ಸೌದೆಯ ಕಂತೆ ಕೊಟ್ಟು ಬ್ಲೀಚ್ ಕೇಳಿದರು. ನನ್ನಲ್ಲಿದ್ದದ್ದು ಐದು ಲೀಟರಿನ ಒಂದೇ ಡಬ್ಬ. ಅವರಿಗೆ ಬೇಕಿದ್ದದ್ದು ಒಂದು ಲೋಟದಷ್ಟು, ಸುರಿದುಕೊಡಲು ತಕ್ಕ ಬಾಟಲಿಯೊಂದೂ ಇರಲಿಲ್ಲ. ಇಂದು ನನ್ನ ದಾಸ್ತಾನಿನಲ್ಲಿ 40 ಖಾಲಿ ಪ್ಲಾಸ್ಟಿಕ್ ಬಾಟಲಿಗಳಿವೆ, ಹನಿ ಹಾಕುವ ಕೊಳವೆಗಳಿವೆ, ಹೆಸರೂ ಅಳತೆಯೂ ಎಚ್ಚರಿಕೆಯೂ ಬರೆದ ಚೀಟಿಗಳಿವೆ. ಕುಡಿಯುವ ನೀರಿನ ಬಾಟಲಿಯನ್ನು ಈ ಕೆಲಸಕ್ಕೆ ಎಂದೂ ಬಳಸುವುದಿಲ್ಲ, ಮಗುವೊಂದು ಎತ್ತಿ ಕುಡಿದುಬಿಡಬಹುದು.

ವಿನಿಮಯಕ್ಕೆಂದೇ ಬೇರೆ ಸಾಮಾನನ್ನು ನಾನು ಕೊಳ್ಳುವುದಿಲ್ಲ, ಯಾರೂ ಕೇಳದಿದ್ದರೂ ನಾವೇ ಬಳಸಿ ಮುಗಿಸಬಹುದಾದದ್ದನ್ನೇ ಸ್ವಲ್ಪ ಹೆಚ್ಚಿಗೆ ಇಡುತ್ತೇನೆ. ಎರಡು ಸೂಜಿ, ಒಂದು ಉಂಡೆ ಪಾಲಿಯೆಸ್ಟರ್ ದಾರ, ನಾಲ್ಕು ಗುಂಡಿ, ಎರಡು ಸೇಫ್ಟಿ ಪಿನ್ನು ಸೇರಿಸಿ ಕಟ್ಟಿದ ಪುಟ್ಟ ಪೊಟ್ಟಣ ಕೊಡಲು ಎಲ್ಲಕ್ಕಿಂತ ಸುಲಭದ್ದಾಯಿತು. ಔಷಧಗಳನ್ನು ಮಾತ್ರ ವಿನಿಮಯಕ್ಕೆ ಇಡುವುದಿಲ್ಲ. ಯಾರಿಗೆ ಯಾವುದು ಎಷ್ಟು ಎಂದು ಹೇಳುವ ತಿಳಿವಳಿಕೆ ನನಗಿಲ್ಲ. ಸಾಟಿಗೆ ಕೊಡಲು ಏನೂ ಇಲ್ಲದವರ ಸಲುವಾಗಿ ಬೇರೊಂದು ಡಬ್ಬಿ ಇದೆ, ಅದರಲ್ಲಿ ಸೋಪು, ಬೆಂಕಿಪೊಟ್ಟಣ, ಪ್ಯಾಡು, ಮೇಣದಬತ್ತಿಗಳಿವೆ. ಆ ಡಬ್ಬಿಯಿಂದ ಹೋದದ್ದಕ್ಕೆ ಪುಸ್ತಕದಲ್ಲಿ ಖರ್ಚಿನ ತಾರೀಖು ಇರುತ್ತದೆ, ಒಯ್ದವರ ಹೆಸರು ಇರುವುದಿಲ್ಲ.

ವರ್ಷಕ್ಕೆರಡು ಸಲ ಇಡೀ ದಾಸ್ತಾನನ್ನು ನೆಲದ ಮೇಲೆ ಹರಡಿ ನೋಡುತ್ತೇವೆ. ಈ ಸಲ ಅಟ್ಟದ ಸೆಕೆಗೆ ಮೇಣದಬತ್ತಿಗಳು ಬಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು, ರಬ್ಬರ್ ಕೈಗವಸುಗಳು ಎಳೆದರೆ ಬಿರಿಯುತ್ತಿದ್ದವು. ಬತ್ತಿಗಳನ್ನು ಮಂಚದ ಕೆಳಗಿನ ಪೆಟ್ಟಿಗೆಗೆ ಇಳಿಸಿದ್ದೇವೆ, ಕೈಗವಸುಗಳನ್ನು ಮುಂದಿನ ಖರೀದಿಯ ಪಟ್ಟಿಗೆ ಸೇರಿಸಿದ್ದೇವೆ.