ಮೈಸೂರಿನಲ್ಲಿದ್ದುಕೊಂಡೇ ಉತ್ತರ ಧ್ರುವದ ಕಡೆಯ ಕಾಳ್ಗಿಚ್ಚನ್ನು ಅಧ್ಯಯನ ಮಾಡುವ ಬಗೆ

ಕಾಳ್ಗಿಚ್ಚು ಎಂದೊಡನೆ ಮಾನಸಗಂಗೋತ್ರಿಯ ವಿದ್ಯಾರ್ಥಿಗಳಿಗೆ ನೆನಪಾಗುವುದು ಬಂಡೀಪುರ. ಅಲ್ಲಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ಒಣಹುಲ್ಲು, ತರಗೆಲೆ, ಲಂಟಾನಗಳನ್ನು ಸುಡುತ್ತಾ ಬೆಂಕಿ ನೆಲದ ಮೇಲೆ ಹರಿದುಹೋಗುತ್ತದೆ. ಒಂದೆರಡು ಮಳೆ ಬಿದ್ದರೆ ಹುಲ್ಲು ಬುಡದಿಂದ ಚಿಗುರುತ್ತದೆ, ದಪ್ಪ ತೊಗಟೆಯ ಮತ್ತಿಯಂಥ ದೊಡ್ಡ ಮರಗಳು ಹೆಚ್ಚಾಗಿ ಉಳಿದುಕೊಳ್ಳುತ್ತವೆ. ಕೆನಡಾ ಮತ್ತು ಅಲಾಸ್ಕದ ಬೆಂಕಿಯನ್ನು ಅಭ್ಯಾಸ ಮಾಡಲು ಹೊರಟವರು ಮೊದಲು ಈ ಚಿತ್ರವನ್ನು ಬದಿಗಿಡಬೇಕು, ಏಕೆಂದರೆ ಅಲ್ಲಿ ನೆಲವೇ ಉರಿಯುತ್ತದೆ.

ಅಲ್ಲಿನ ಕಪ್ಪು ಸ್ಪ್ರೂಸ್ ಎಂಬ ಸೂಜಿಯೆಲೆಯ ಮರದ ಕಾಡುಗಳಲ್ಲಿ ಚಳಿಯಿಂದಾಗಿ ಯಾವುದೂ ಬೇಗ ಕೊಳೆಯುವುದಿಲ್ಲ. ಹಾವಸೆ ಮತ್ತು ಅರೆಕೊಳೆತ ಸಸ್ಯಾಂಶ ಶತಮಾನಗಳ ಕಾಲ ಕೂಡಿಕೊಂಡು ದಪ್ಪ ಪದರವಾಗಿ, ಬೇಸಿಗೆಯ ಬಿಸಿಯನ್ನು ತಡೆದು, ಕೆಳಗಿನ ಹೆಪ್ಪುನೆಲವನ್ನು (ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ಮಣ್ಣನ್ನು) ಕಂಬಳಿಯಂತೆ ಕಾಪಾಡುತ್ತವೆ. ಬೆಂಕಿ ಈ ಪದರದ ಮೇಲ್ಭಾಗವನ್ನಷ್ಟೇ ಸುಟ್ಟರೆ, ಶಾಖಕ್ಕೆ ಬಿರಿದ ಸ್ಪ್ರೂಸ್ ಕಾಯಿಗಳಿಂದ ಬೀಜ ಉದುರಿ ಮತ್ತೆ ಸ್ಪ್ರೂಸ್ ಕಾಡೇ ಏಳುತ್ತದೆ. ಖನಿಜ ಮಣ್ಣು ಕಾಣುವಷ್ಟು ಆಳಕ್ಕೆ ಸುಟ್ಟರೆ ಗಾಳಿಯಲ್ಲಿ ಹಾರಿಬರುವ ಬರ್ಚ್, ಆಸ್ಪೆನ್ ಎಂಬ ಅಗಲ ಎಲೆಯ ಮರಗಳ ಬೀಜಗಳು ನೆಲೆಯೂರಿ, ಹಲವು ದಶಕಗಳ ಮಟ್ಟಿಗಾದರೂ ಆ ಜಾಗದ ಸ್ವರೂಪವೇ ಬದಲಾಗಬಹುದು. ಮರಗಳಿಲ್ಲದ ಟಂಡ್ರಾದಲ್ಲೂ ಇದೇ ಮಾತು ನಿಜ: 2007ರಲ್ಲಿ ಉತ್ತರ ಅಲಾಸ್ಕದ ಅನಾಕ್ಟುವುಕ್ ನದಿಯ ಬಳಿ ಸುಮಾರು 1,039 ಚದರ ಕಿಲೋಮೀಟರ್ ಸುಟ್ಟು, ಸುಮಾರು 21 ಲಕ್ಷ ಟನ್ ಇಂಗಾಲ ವಾತಾವರಣ ಸೇರಿತು. ಆದ್ದರಿಂದ ಎಷ್ಟು ಹೆಕ್ಟೇರ್ ಸುಟ್ಟಿತು ಎಂಬುದರ ಜೊತೆಗೇ ಎಷ್ಟು ಸೆಂಟಿಮೀಟರ್ ಆಳಕ್ಕೆ ಸುಟ್ಟಿತು ಎಂದೂ ಕೇಳುವುದು ಅಗತ್ಯ.

ವಿಸ್ತೀರ್ಣವನ್ನು ಇಲ್ಲಿಂದಲೇ ಅಳೆಯಬಹುದು. ಕೆನಡಾದಲ್ಲಿ 2023ರಲ್ಲಿ ಸುಮಾರು ಒಂದೂವರೆ ಕೋಟಿ ಹೆಕ್ಟೇರ್, ಅಂದರೆ ಕರ್ನಾಟಕದ ಮುಕ್ಕಾಲು ಭಾಗದಷ್ಟು ನೆಲ ಸುಟ್ಟಿತು. ಅದೇ ಆಗಸ್ಟ್‌ನಲ್ಲಿ ಜನರನ್ನು ತೆರವುಗೊಳಿಸಿದ ಯೆಲ್ಲೋನೈಫ್ ಪಟ್ಟಣದ ಸುತ್ತಲಿನ ಪ್ರದೇಶವನ್ನು ಅಭ್ಯಾಸಕ್ಕೆ ಆರಿಸಿಕೊಳ್ಳಿ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಉಚಿತ. ಬೆಂಕಿಗೆ ಮುಂಚಿನ ಜುಲೈ 2022ರ ಒಂದು ಚಿತ್ರವನ್ನೂ ನಂತರದ ಜುಲೈ 2024ರ ಇನ್ನೊಂದನ್ನೂ, ಎರಡೂ ಮೋಡವಿಲ್ಲದವು, ಇಳಿಸಿಕೊಳ್ಳಿ. ತಿಂಗಳು ಒಂದೇ ಇರಲೇಬೇಕು. ಸೆಪ್ಟೆಂಬರ್ ಹೊತ್ತಿಗೆ ಅಲ್ಲಿ ಸೂರ್ಯ ಕೆಳಗಿಳಿದು ನೆರಳು ಉದ್ದವಾಗುತ್ತದೆ, ಎಲೆಗಳೂ ಬಣ್ಣ ಬದಲಿಸುತ್ತವೆ. ಉಚಿತ ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನ ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ 8ಎ ಬ್ಯಾಂಡಿನಿಂದ (ಸಮೀಪದ ಅವಕೆಂಪು ಬೆಳಕಿನ ಪಟ್ಟಿ) 12ನೆಯ ಬ್ಯಾಂಡನ್ನು (ಕಿರುತರಂಗದ ಅವಕೆಂಪು ಪಟ್ಟಿ) ಕಳೆದು, ಬಂದದ್ದನ್ನು ಅವೆರಡರ ಮೊತ್ತದಿಂದ ಭಾಗಿಸಿ; ಬರುವ ಅಂಕಿಯೇ ಸುಟ್ಟ ನೆಲದ ಸೂಚ್ಯಂಕ. ಹಸಿರೆಲೆ 8ಎ ಬ್ಯಾಂಡಿನಲ್ಲಿ ಹೊಳೆಯುತ್ತದೆ, ಸುಟ್ಟ ನೆಲ 12ರಲ್ಲಿ. ಹಳೆಯ ಚಿತ್ರದ ಸೂಚ್ಯಂಕದಿಂದ ಹೊಸದರ ಸೂಚ್ಯಂಕವನ್ನು ಕಳೆದಾಗ ಬರುವ ವ್ಯತ್ಯಾಸ 0.10ಕ್ಕಿಂತ ಕಡಿಮೆಯಿದ್ದರೆ ಸುಟ್ಟಿಲ್ಲವೆಂದೂ, 0.66 ಮೀರಿದರೆ ತೀವ್ರವಾಗಿ ಸುಟ್ಟಿದೆಯೆಂದೂ ಸಾಮಾನ್ಯವಾಗಿ ಓದುತ್ತಾರೆ.

ಆದರೆ ಈ ಅಂಕಿಯನ್ನು ಅಂತಿಮ ತೀರ್ಪೆಂದು ಭಾವಿಸಬಾರದು. ಉಪಗ್ರಹಕ್ಕೆ ಕಾಣುವುದು ಮೇಲಿನದು. ಮರದ ತುದಿ ಕರಕಲಾಗಿ ಹಾವಸೆ ಮುಕ್ಕಾಲು ಉಳಿದ ಜಾಗವೂ, ಹಾವಸೆ ಪೂರ್ತಿ ಬೂದಿಯಾದ ಜಾಗವೂ ನಕ್ಷೆಯಲ್ಲಿ ಒಂದೇ ಬಣ್ಣ ಪಡೆಯಬಹುದು. ಅಲಾಸ್ಕದಲ್ಲಿ ಈ ಸೂಚ್ಯಂಕವನ್ನು ನೆಲದ ಅಳತೆಯೊಡನೆ ಹೋಲಿಸಿದವರಿಗೆ ಹಲವೆಡೆ ದುರ್ಬಲ ಸಂಬಂಧವೇ ಕಂಡಿದೆ. ಹಾಗಾಗಿ ನಿಮ್ಮ ನಕ್ಷೆಯನ್ನು ಪ್ರಕಟಿತ ಕ್ಷೇತ್ರ ದತ್ತಾಂಶದೊಡನೆ ಕೂಡಿಸಿ ಓದಿ.

ಕ್ಷೇತ್ರದಲ್ಲಿ ಆಳವನ್ನು ಅಳೆಯುವ ಕ್ರಮ ಬಹಳ ಸೊಗಸಾದದ್ದು. ಹಾವಸೆ ಮೇಲೆ ಬೆಳೆದಂತೆಲ್ಲ ಕಪ್ಪು ಸ್ಪ್ರೂಸ್ ತನ್ನ ಕಾಂಡದಿಂದ ಹೊಸ ಬೇರುಗಳನ್ನು ಅದರೊಳಕ್ಕೆ ಬಿಡುತ್ತದೆ. ಬೆಂಕಿಯ ನಂತರ ಆ ಬೇರುಗಳ ಕರಿದ ತುಂಡುಗಳು ಕಾಂಡದ ಮೇಲೆ ಗಾಳಿಯಲ್ಲಿ ಚಾಚಿಕೊಂಡಿರುತ್ತವೆ. ಎಲ್ಲಕ್ಕಿಂತ ಮೇಲಿನ ಬೇರಿನಿಂದ ಈಗಿನ ನೆಲದವರೆಗೆ ಟೇಪು ಹಿಡಿದರೆ, ಹೋದ ಪದರದ ದಪ್ಪ ಹೆಚ್ಚುಕಡಿಮೆ ಸಿಗುತ್ತದೆ. ಬೇರು ಹಳೆಯ ಮೇಲ್ಮೈಗಿಂತ ಸ್ವಲ್ಪ ಕೆಳಗೇ ಹುಟ್ಟುವುದರಿಂದ ಸಂಶೋಧಕರು ಇದಕ್ಕೆ ಕೆಲವು ಸೆಂಟಿಮೀಟರ್ ಸೇರಿಸುತ್ತಾರೆ.

ಇನ್ನೊಂದು ಕ್ರಮವನ್ನು ಮಂಡ್ಯದಲ್ಲೇ ಕೈಯಾರೆ ಕಲಿಯಬಹುದು. ಕಬ್ಬು ಕಡಿದ ಮೇಲೆ ಕೂಳೆ ಬೆಳೆಗೆ ಮುನ್ನ ತರಗು ಸುಡುವ ರೈತರಿದ್ದಾರೆ. ತರಗನ್ನು ಮುಚ್ಚಿಗೆಯಾಗಿ ಬಿಡುವುದೇ ಮಣ್ಣಿಗೆ ಹಿತವೆಂದು ನಾನು ನಂಬುತ್ತೇನೆ. ಅಭ್ಯಾಸಕ್ಕಾಗಿ ಯಾರಿಂದಲೂ ಬೆಂಕಿ ಹಾಕಿಸಬೇಡಿ. ಸುಡುವುದೆಂದು ಮೊದಲೇ ನಿಶ್ಚಯವಾದ ಗದ್ದೆಯಲ್ಲಿ ಮಾತ್ರ, ಮಾಲೀಕರ ಒಪ್ಪಿಗೆ ಪಡೆದು, ಕಬ್ಬಿಣದ ಸರಳುಗಳನ್ನು ಅವುಗಳ ತಲೆ ತರಗಿನ ಮೇಲ್ಮೈಗೆ ಸಮವಾಗುವಂತೆ ನೆಡಿ, ನೆಲ ಪೂರ್ತಿ ತಣಿದ ನಂತರ ಬಯಲಾದ ಉದ್ದವನ್ನು ಅಳೆಯಿರಿ. ಬಂಡೀಪುರದಲ್ಲಿ ಇಂಥದ್ದೇನನ್ನೂ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಮಾಡುವಂತಿಲ್ಲ.

ಗದ್ದೆಯ ನಡುವಿನ ಸರಳುಗಳನ್ನೂ ನೀರು ಜಿನುಗುವ ಕಾಲುವೆ ಬದಿಯವನ್ನೂ ಬೇರೆಬೇರೆಯಾಗಿ ಬರೆದಿಡಿ: ತೇವವಿದ್ದಲ್ಲಿ ತರಗಿನ ಕೆಳಪದರ ಉಳಿದಿರುತ್ತದೆ. ಉತ್ತರದಲ್ಲೂ ಸುಡುವ ಆಳವನ್ನು ಬಹುಮಟ್ಟಿಗೆ ನಿರ್ಧರಿಸುವುದು ತೇವವೇ. ಬೇಸಿಗೆ ಮುಂದುವರಿದಂತೆ ನೆಲ ಆಳಕ್ಕೆ ಕರಗಿ ನೀರು ಬಸಿಯುವುದರಿಂದ, ಋತುವಿನ ಕೊನೆಯ ಬೆಂಕಿಗಳು ಮೊದಲಿನವಕ್ಕಿಂತ ಆಳಕ್ಕಿಳಿಯುತ್ತವೆ. ಆದ್ದರಿಂದ ನಿಮ್ಮ ಕೋಷ್ಟಕದಲ್ಲಿ ಪ್ರತಿ ತಾಣದ ಎದುರು ಬೆಂಕಿ ತಗುಲಿದ ದಿನಾಂಕಕ್ಕೂ ನೀರು ಬಸಿಯುವ ಬಗೆಗೂ ಒಂದೊಂದು ಅಂಕಣವಿರಲಿ.