ಮಡಿಲಲ್ಲಿ ಒಂದು ವರ್ಷದ ಮಗು, ಮುಂದೆ ಇಪ್ಪತ್ತು ಗಂಟೆ ವಿಮಾನ

ದೂರದ ವಿಮಾನ ಪ್ರಯಾಣಕ್ಕೆ ಅತಿ ಕಷ್ಟದ ವಯಸ್ಸು ಯಾವುದು ಅಂತ ಕೇಳಿದರೆ, ಒಂದು ವರ್ಷದ ಆಸುಪಾಸು ಎಂದೇ ಹೇಳಬೇಕು. ನಾಲ್ಕು ತಿಂಗಳ ಕೂಸು ಹಾಲು ಕುಡಿದು ಮಲಗುತ್ತದೆ. ಮೂರು ವರ್ಷದ ಮಗುವಿಗೆ ಪರದೆಯಲ್ಲಿ ಏನಾದರೂ ಹಾಕಿಕೊಟ್ಟರೆ ಒಂದಷ್ಟು ಹೊತ್ತು ಕೂರುತ್ತದೆ. ಒಂದು ವರ್ಷದ್ದು ಎರಡೂ ಮಾಡುವುದಿಲ್ಲ. ಈಗಷ್ಟೇ ತಪ್ಪು ಹೆಜ್ಜೆ ಇಡಲು ಕಲಿತಿರುತ್ತದೆ, ಹಾಗಾಗಿ ಕೆಳಗೆ ಬಿಡಿ ಎಂದು ಹಠ. ‘ಸ್ವಲ್ಪ ಹೊತ್ತು ತಡಿ ಕಂದ’ ಎಂದರೆ ಅರ್ಥವಾಗುವ ವಯಸ್ಸೂ ಅಲ್ಲ.

ಆದರೆ ನಮ್ಮವರ ಪ್ರಯಾಣ ಸಾಮಾನ್ಯವಾಗಿ ಬೀಳುವುದು ಇದೇ ಹೊತ್ತಿಗೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಇರುವ ಕನ್ನಡದ ಕುಟುಂಬವನ್ನೇ ತೆಗೆದುಕೊಳ್ಳಿ. ಮೊದಲ ಹುಟ್ಟುಹಬ್ಬ ಊರಲ್ಲೇ ಆಗಬೇಕು, ಮನೆದೇವರಿಗೆ ಮುಡಿ ಕೊಡಿಸಬೇಕು, ಕಿವಿ ಚುಚ್ಚಿಸಬೇಕು, ಮುತ್ತಜ್ಜಿಗೆ ಮಗುವನ್ನು ತೋರಿಸಬೇಕು. ಹೊರಡದೆ ಬೇರೆ ದಾರಿ ಇಲ್ಲ. ಈ ಪ್ರಯಾಣದಲ್ಲಿ ಮಗುವನ್ನು ಇಪ್ಪತ್ತು ಗಂಟೆಯೂ ನಗಿಸುತ್ತಿರಬೇಕು ಎಂದುಕೊಂಡರೆ ಸೋತಿರಿ. ಉಳಿಸಿಕೊಳ್ಳಬೇಕಾದ್ದು ನಿಮ್ಮ ಶಕ್ತಿ. ಮುಂದಿನ ಮಾತೆಲ್ಲ ಅದರ ಲೆಕ್ಕದಲ್ಲೇ ಇದೆ.

1. ಟಿಕೆಟ್ ತೆಗೆಯುವಾಗ

ಎರಡು ವರ್ಷ ತುಂಬದ ಮಗು ಮಡಿಲಲ್ಲಿ ಕೂತು ಹೋಗಬಹುದು. ಅಂತರರಾಷ್ಟ್ರೀಯ ವಿಮಾನಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ದೊಡ್ಡವರ ದರದ ಶೇ 10ರಷ್ಟು ಮತ್ತು ತೆರಿಗೆ ಕೊಡಬೇಕಾಗುತ್ತದೆ. ಪುಕ್ಕಟೆ ಅಲ್ಲ.

ದಾರಿ ಆರಿಸುವಾಗ ಬೆಲೆ ಒಂದನ್ನೇ ನೋಡಬೇಡಿ. ದುಬೈ ಮೇಲೆ ಬಂದರೆ ಮೊದಲ ವಿಮಾನವೇ 15–16 ಗಂಟೆ, ಆಮೇಲೆ ಬೆಂಗಳೂರಿಗೆ ನಾಲ್ಕು ಗಂಟೆ. ಫ್ರಾಂಕ್‌ಫರ್ಟ್ ಮೇಲೆ ಬಂದರೆ ಸುಮಾರು 11 ಗಂಟೆ, ಮತ್ತೆ ಸುಮಾರು 9 ಗಂಟೆ. ಒಟ್ಟು ಹೊತ್ತು ಹೆಚ್ಚು ಕಡಿಮೆ ಒಂದೇ. ಆದರೆ ಈ ವಯಸ್ಸಿನ ಮಗುವಿಗೆ ಸರಿಸಮ ಎರಡು ಭಾಗವಾಗುವ ದಾರಿಯೇ ಮೇಲು. ಹನ್ನೆರಡನೇ ಗಂಟೆಯ ಮೇಲೆ ಮಗುವಿಗೂ ತಾಳ್ಮೆ ಇರುವುದಿಲ್ಲ, ಹೆತ್ತವರಿಗೂ ಇರುವುದಿಲ್ಲ. ನಡುವೆ ಮೂರು-ನಾಲ್ಕು ಗಂಟೆ ಬಿಡುವು ಇರಲಿ. ಒಂದೂವರೆ ಗಂಟೆಯ ಬಿಡುವು ಇದ್ದರೆ ಮಗುವನ್ನು ಕಂಕುಳಲ್ಲಿ ಹೊತ್ತು ಓಡಬೇಕಾಗುತ್ತದೆ. ಎಂಟು ಗಂಟೆ ಇದ್ದರೆ ಅದೇ ಇನ್ನೊಂದು ಪ್ರಯಾಣದಷ್ಟು ಸುಸ್ತು.

ಇನ್ನು ಬ್ಯಾಸಿನೆಟ್. ಸಾಲಿನ ಮುಂದಿನ ಗೋಡೆಗೆ ಸಿಕ್ಕಿಸುವ ಪುಟ್ಟ ತೊಟ್ಟಿಲು ಇದು. ಬಹಳ ಕಂಪನಿಗಳಲ್ಲಿ ಮಗುವಿನ ತೂಕ 10–11 ಕಿಲೋ ಒಳಗಿರಬೇಕು, ಉದ್ದಕ್ಕೂ ಮಿತಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯ ಪ್ರಕಾರ ಒಂದು ವರ್ಷದ ಗಂಡುಮಗುವಿನ ನಡುಮಟ್ಟದ ತೂಕ 9.6 ಕಿಲೋ, ಹೆಣ್ಣುಮಗುವಿನದು 8.9 ಕಿಲೋ. ತೂಕ ಸರಿಹೋದರೂ ಕಾಲು ಹೊರಗೆ ಬರಬಹುದು. ವಿಮಾನ ಏರುವಾಗ, ಇಳಿಯುವಾಗ ಇದನ್ನು ಹಾಕುವುದಿಲ್ಲ. ನಡುವೆ ವಿಮಾನ ಅಲುಗಾಡಿ ಸೀಟ್ ಬೆಲ್ಟ್ ದೀಪ ಹತ್ತಿದರೆ, ಗಾಢ ನಿದ್ದೆಯಲ್ಲಿರುವ ಮಗುವನ್ನೂ ಎತ್ತಿ ಮಡಿಲಲ್ಲಿ ಕಟ್ಟಿಕೊಳ್ಳಬೇಕು. ಆ ಕ್ಷಣದ ಸಂಕಟ ಅನುಭವಿಸಿದವರಿಗೇ ಗೊತ್ತು.

ಆದರೂ ಆ ಸಾಲಿನ ಸೀಟನ್ನೇ ಕೇಳಿ. ಮಗು ತೊಟ್ಟಿಲಲ್ಲಿ ಮಲಗದಿದ್ದರೂ ಕಾಲ ಬಳಿ ನಿಂತು ಆಡಲು ಒಂದಿಷ್ಟು ಜಾಗ ಸಿಗುತ್ತದೆ. ಎದುರಿಗೆ ಯಾರ ಸೀಟೂ ಇಲ್ಲ, ಹಾಗಾಗಿ ಮಗು ಒದ್ದರೂ ಯಾರೂ ತಿರುಗಿ ನೋಡುವುದಿಲ್ಲ. ಎರಡು ತೊಂದರೆ ಇವೆ. ಏರುವಾಗ ಇಳಿಯುವಾಗ ಬ್ಯಾಗು ಕಾಲ ಬಳಿ ಇಟ್ಟುಕೊಳ್ಳುವಂತಿಲ್ಲ. ಕೈಯಾಸರೆ ಮೇಲೆತ್ತಲು ಬರುವುದಿಲ್ಲ, ಪಕ್ಕದ ಸೀಟು ಖಾಲಿ ಇದ್ದರೂ ಮಗುವನ್ನು ಅಡ್ಡ ಮಲಗಿಸಲಾಗದು. ಈ ಸೀಟು ಟಿಕೆಟ್ ಜೊತೆ ತಾನಾಗಿ ಬರುವುದಿಲ್ಲ, ಬುಕ್ ಮಾಡಿದ ದಿನವೇ ಫೋನ್ ಮಾಡಿ ಕೇಳಬೇಕು.

ಕೈಯಲ್ಲಿ ದುಡ್ಡಿದ್ದರೆ ಮಗುವಿಗೂ ಸೀಟು ತೆಗೆದು ಕಾರ್ ಸೀಟು ಕಟ್ಟುವುದು ಎಲ್ಲಕ್ಕಿಂತ ಸುರಕ್ಷಿತ. ಆ ಕಾರ್ ಸೀಟಿನ ಮೇಲೆ ವಿಮಾನದಲ್ಲೂ ಬಳಸಬಹುದು ಎಂಬ ಲೇಬಲ್ ಇರಬೇಕು. ಅವಳಿ ಮಕ್ಕಳಿದ್ದರೆ ಇನ್ನೊಂದು ವಿಷಯ: ಸೀಟುಗಳ ಒಂದು ಗುಂಪಿಗೆ ಹೆಚ್ಚುವರಿ ಆಮ್ಲಜನಕದ ಮಾಸ್ಕ್ ಸಾಮಾನ್ಯವಾಗಿ ಒಂದೇ ಇರುತ್ತದೆ. ಮಡಿಲಲ್ಲಿ ಮಗು ಇರುವ ಇಬ್ಬರನ್ನು ಅಕ್ಕಪಕ್ಕ ಕೂರಿಸದೆ ಇರುವುದು ಇದಕ್ಕೇ. ಜಗಳ ಆಡಿ ಪ್ರಯೋಜನ ಇಲ್ಲ.

2. ಕಾಗದಪತ್ರ

ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ಅಲ್ಲಿನ ಪಾಸ್‌ಪೋರ್ಟ್, ಜೊತೆಗೆ ಓಸಿಐ ಕಾರ್ಡ್ (ಬೇರೆ ದೇಶದ ಪೌರತ್ವ ಇರುವ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡ್) ಅಥವಾ ಭಾರತದ ವೀಸಾ ಬೇಕು. ಓಸಿಐ ಕೈಗೆ ಬರಲು ಹೊತ್ತು ಹಿಡಿಯುತ್ತದೆ, ಟಿಕೆಟ್ಟಿಗಿಂತ ಮೊದಲೇ ಅರ್ಜಿ ಹಾಕಿ. ಹದಿನೈದು ದಿನದ ಕೂಸಿನ ಫೋಟೊಗೂ ಈಗಿನ ಮುಖಕ್ಕೂ ಸಂಬಂಧವೇ ಇರುವುದಿಲ್ಲ ಅಲ್ವಾ, ಜನನ ಪ್ರಮಾಣಪತ್ರದ ಪ್ರತಿ ಇಟ್ಟುಕೊಳ್ಳಿ. ಅಮ್ಮ ಒಬ್ಬಳೇ ಮಗುವಿನ ಜೊತೆ ಹೊರಟಿದ್ದರೆ ಅಪ್ಪನ ಸಹಿ ಇರುವ, ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಇರಲಿ. ಬಾಣಂತನಕ್ಕೆ ಬಂದ ಅಜ್ಜಿ ಜೊತೆಗೆ ವಾಪಸಾಗುತ್ತಿದ್ದರೆ, ನಡುವಿನ ದೇಶದಲ್ಲಿ ಅವರಿಗೆ ಟ್ರಾನ್ಸಿಟ್ ವೀಸಾ ಬೇಕೇ ಎಂದು ಮೊದಲೇ ವಿಚಾರಿಸಿ.

3. ಬ್ಯಾಗು ತುಂಬುವುದು

ಡೈಪರ್ ಎರಡು ಗಂಟೆಗೆ ಒಂದರ ಲೆಕ್ಕ, ಅದರ ಮೇಲೆ ಐದಾರು. ಮನೆಯಿಂದ ಮನೆಗೆ 26–28 ಗಂಟೆ ಆಗುವುದರಿಂದ ಇಪ್ಪತ್ತು ಬೇಕೇ ಬೇಕು. ಎಲ್ಲವನ್ನೂ ಒಂದೇ ಕಡೆ ತುರುಕಬೇಡಿ. ಒಂದು ಜಿಪ್ ಕವರಿಗೆ ಒಂದು ಡೈಪರ್, ನಾಲ್ಕು ವೈಪ್ಸ್, ಕೊಳಕು ಹಾಕಲು ಒಂದು ಖಾಲಿ ಕವರ್ ಹಾಕಿ, ಅಂಥ ಕಟ್ಟುಗಳನ್ನು ಮಾಡಿಟ್ಟುಕೊಳ್ಳಿ. ವಿಮಾನದ ಶೌಚಾಲಯದಲ್ಲಿ ಮಗು ಮತ್ತು ನೀವು ಹಿಡಿಸುವುದೇ ಕಷ್ಟ. ಅಲ್ಲಿ ಬ್ಯಾಗು ಹುಡುಕಲು ಆಗುವುದಿಲ್ಲ. ಯಾವ ಶೌಚಾಲಯದಲ್ಲಿ ಡೈಪರ್ ಬದಲಿಸುವ ಹಲಗೆ ಇದೆ ಎಂದು ಹತ್ತಿದ ಕೂಡಲೇ ಕೇಳಿ.

ಮಗುವಿಗೆ ಎರಡು ಜೊತೆ ಬಟ್ಟೆ ಎಲ್ಲರೂ ಇಟ್ಟುಕೊಳ್ಳುತ್ತಾರೆ. ನಿಮಗೂ ಒಂದು ಅಂಗಿ ಇರಲಿ. ಮಗು ವಾಂತಿ ಮಾಡಿಕೊಳ್ಳುವುದು ನಿಮ್ಮ ಮೇಲೆಯೇ. ಅಮ್ಮನ ಹಳೇ ಹತ್ತಿ ಸೀರೆಯ ಒಂದು ತುಂಡು ಬ್ಯಾಗಿನಲ್ಲಿದ್ದರೆ ಹೊದಿಕೆ, ಮರೆ, ಒರೆಸುವ ಬಟ್ಟೆ ಎಲ್ಲವೂ ಆಗುತ್ತದೆ. ಪರಿಚಯದ ವಾಸನೆ ಇರುವುದರಿಂದ ಮಗುವಿಗೂ ಹಿತ.

ಊಟದ ವಿಷಯಕ್ಕೆ ಬರೋಣ. ವಿಮಾನದಲ್ಲಿ ಕೊಡುವ ಡಬ್ಬಿ ಆಹಾರ ನಮ್ಮ ಮಕ್ಕಳು ಮುಟ್ಟುವುದು ಕಡಿಮೆ. ಮನೆಯಲ್ಲಿ ಏನು ತಿನ್ನುತ್ತದೋ ಅದನ್ನೇ ಒಯ್ಯಿರಿ. ರಾಗಿ ಸರಿ ಎಲ್ಲಕ್ಕಿಂತ ಅನುಕೂಲ. ಮುಂಚೆಯೇ ಬೇಯಿಸಿ ಒಣಗಿಸಿದ, ಬಿಸಿನೀರಲ್ಲಿ ಕಲಸಿದರೆ ಸಾಕಾಗುವ ಬಗೆಯದು ಬೇಕು. ಒಲೆ ಮೇಲೆ ಕಾಯಿಸಬೇಕಾದ ಪುಡಿ ಇಲ್ಲಿ ಕೆಲಸಕ್ಕೆ ಬಾರದು. ಬಿಸಿನೀರು ಸಿಬ್ಬಂದಿ ಕೊಡುತ್ತಾರೆ, ಅದು ಕುದಿಯುವಷ್ಟು ಬಿಸಿ ಇರಬಹುದು. ಮಗುವನ್ನು ಇನ್ನೊಬ್ಬರ ಕೈಗೆ ಕೊಟ್ಟೇ ಕಲಸಿ. ಇಡ್ಲಿ ಮೊದಲ ಕೆಲವು ಗಂಟೆಗೆ ಮಾತ್ರ. ಮೆತ್ತನೆಯ ಚಪಾತಿ, ಬಾಳೆಹಣ್ಣು, ಬ್ರೆಡ್ ಪರವಾಗಿಲ್ಲ. ಕಡಲೆಕಾಯಿ, ಚುರುಮುರಿ, ಇಡೀ ದ್ರಾಕ್ಷಿ ಬೇಡವೇ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ.

ಕೈಬ್ಯಾಗಿನ ದ್ರವಕ್ಕೆ ಇರುವ 100 ಮಿಲಿ ಮಿತಿ ಮಗುವಿನ ಹಾಲು, ಆಹಾರಕ್ಕೆ ಅನ್ವಯಿಸುವುದಿಲ್ಲ, ಪ್ರಯಾಣಕ್ಕೆ ಬೇಕಾಗುವಷ್ಟು ಒಯ್ಯಬಹುದು. ತಪಾಸಣೆಯಲ್ಲಿ ಬೇರೆ ತೆಗೆದಿಟ್ಟು ಹೇಳಿ. ಅಮೆರಿಕದ ಕಡೆ ಹೊರಟಾಗ 350 ಮಿಲಿಗಿಂತ ಹೆಚ್ಚಿನ ಪುಡಿಗೆ ಹೆಚ್ಚುವರಿ ತಪಾಸಣೆ ಆಗಬಹುದು. ಅಜ್ಜಿ ಪ್ರೀತಿಯಿಂದ ಕಟ್ಟಿಕೊಟ್ಟ ಎರಡು ಕಿಲೋ ಸರಿ ಪುಡಿ ದೊಡ್ಡ ಸೂಟ್‌ಕೇಸಿಗೆ ಹೋಗಲಿ, ಅಲ್ಲಿ ಇಳಿದಾಗ ಅದನ್ನು ಘೋಷಿಸಿ. ಉಳಿದ ಹಣ್ಣು ವಿಮಾನದಲ್ಲೇ ಮುಗಿಯಬೇಕು.

ಆಟಿಕೆ ಕಡಿಮೆ ಸಾಕು. ಉರುಳಿ ಹೋಗುವ ಚೆಂಡು, ಸದ್ದು ಮಾಡುವ ಗೊಂಬೆ ಬೇಡ. ಈ ವಯಸ್ಸಿನ ಮಗುವಿಗೆ ಹೊಸ ಆಟಿಕೆಗಿಂತ ಖಾಲಿ ಪೇಪರ್ ಲೋಟ, ಮುಚ್ಚಳ ಇರುವ ಡಬ್ಬಿ, ಎದುರಿನ ಜೇಬಿನಲ್ಲಿರುವ ಪುಸ್ತಕ ಇಷ್ಟ.

ಔಷಧಿ: ಜ್ವರದ ಹನಿ, ತೂಕಕ್ಕೆ ಎಷ್ಟು ಎಂದು ವೈದ್ಯರಿಂದ ಬರೆಸಿಕೊಂಡು. ‘ನೆಗಡಿ ಸಿರಪ್ ಕೊಟ್ಟುಬಿಡಿ, ಸುಮ್ನೆ ಮಲಗುತ್ತೆ’ ಎಂಬ ಸಲಹೆ ಯಾರಾದರೊಬ್ಬರು ಕೊಟ್ಟೇ ಕೊಡುತ್ತಾರೆ. ಕೇಳಬೇಡಿ. ಅಂಥ ಔಷಧಿ ಎರಡು ವರ್ಷದೊಳಗಿನ ಮಕ್ಕಳಿಗೆ ಅಪಾಯ. ಕೆಲವು ಮಕ್ಕಳು ಅದನ್ನು ಕುಡಿದು ಮಲಗುವ ಬದಲು ಇನ್ನಷ್ಟು ಕುಣಿಯುತ್ತಾರೆ.

4. ವಿಮಾನ ನಿಲ್ದಾಣ

ಮಡಚುವ ಸ್ಟ್ರೋಲರ್ ಅನ್ನು ವಿಮಾನದ ಬಾಗಿಲವರೆಗೆ ಒಯ್ದು ಅಲ್ಲಿ ಕೊಡಬಹುದು. ಆದರೆ ನಡುವಿನ ನಿಲ್ದಾಣದಲ್ಲಿ ಅದು ಕೈಗೆ ಸಿಗುತ್ತದೋ, ನೇರ ಬೆಂಗಳೂರಲ್ಲೇ ಸಿಗುತ್ತದೋ ಕೇಳಿಕೊಳ್ಳಿ. ಸಿಗದಿದ್ದರೆ ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಇರಲಿ.

ಮಕ್ಕಳಿರುವವರನ್ನು ಮೊದಲು ಹತ್ತಿಸುತ್ತಾರೆ. ಇಬ್ಬರೂ ಓಡಬೇಡಿ. ಒಬ್ಬರು ಬ್ಯಾಗುಗಳ ಜೊತೆ ಮೊದಲು ಹತ್ತಿ ಸೀಟು ಸಿದ್ಧ ಮಾಡಲಿ. ಇನ್ನೊಬ್ಬರು ಮಗುವನ್ನು ಹೊರಗೆ ಓಡಾಡಿಸಿ ಕೊನೆಗೆ ಹತ್ತಲಿ. ವಿಮಾನದೊಳಗೆ ಕಳೆಯುವ ಹೊತ್ತಿನಲ್ಲಿ ಮುಕ್ಕಾಲು ಗಂಟೆ ಉಳಿಯುತ್ತದೆ.

ಬೆಂಗಳೂರಿಂದ ಹೊರಡುವಾಗ ಬೇರೆ ಕಥೆ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಯೂರೋಪ್, ಗಲ್ಫ್ ಕಡೆಯ ಹಲವು ವಿಮಾನಗಳು ಹೊರಡುವುದು ನಡುರಾತ್ರಿ ಕಳೆದ ಮೇಲೆ. ಮಗುವನ್ನು ಸಂಜೆ ಎಂದಿನಂತೆ ಊಟ ಮಾಡಿಸಿ, ರಾತ್ರಿ ಬಟ್ಟೆ ಹಾಕಿಯೇ ಕಾರಿಗೆ ಹತ್ತಿಸಿ. ಬನಶಂಕರಿಯಿಂದ ದೇವನಹಳ್ಳಿವರೆಗಿನ ದಾರಿಯಲ್ಲೇ ಒಂದು ನಿದ್ದೆ ಆಗುತ್ತದೆ.

5. ವಿಮಾನದೊಳಗೆ

ಇಪ್ಪತ್ತು ಗಂಟೆಯನ್ನು ಲೆಕ್ಕ ಹಾಕುತ್ತಾ ಕೂರಬೇಡಿ. ಪಾಳಿ ಮಾಡಿ. ಎರಡು ಗಂಟೆ ಒಬ್ಬರದು, ಎರಡು ಗಂಟೆ ಇನ್ನೊಬ್ಬರದು. ಪಾಳಿ ಇಲ್ಲದವರು ಕಣ್ಣು ಮುಚ್ಚಬೇಕು, ಸಲಹೆ ಕೊಡಬಾರದು. ಇಬ್ಬರೂ ಒಟ್ಟಿಗೆ ಎದ್ದಿದ್ದು ಒಟ್ಟಿಗೆ ಸುಸ್ತಾಗುವುದೇ ಬಹಳ ಮನೆಗಳಲ್ಲಿ ನಡೆಯುವ ಕಥೆ, ಅಪ್ಪ ಸಿನಿಮಾ ನೋಡುತ್ತಾ ಕೂರುವುದು ಇನ್ನೊಂದು. ಊಟದ ಹೊತ್ತಿಗೆ ಒಂದು ತಟ್ಟೆಯನ್ನು ತಡವಾಗಿ ತರಲು ಹೇಳಿ, ಒಬ್ಬೊಬ್ಬರಾಗಿ ಬಿಸಿಯಾಗಿ ತಿನ್ನಬಹುದು. ಮಗು ಮಡಿಲಲ್ಲಿರುವಾಗ ಕಾಫಿ, ಟೀ ಬೇಡ.

ಒಬ್ಬರೇ ಇದ್ದೀರಾ? ಸಿಬ್ಬಂದಿಗೆ ಮೊದಲೇ ಹೇಳಿಡಿ. ಐದು ನಿಮಿಷ ಮಗುವನ್ನು ಹಿಡಿದುಕೊಳ್ಳಲು ಪಕ್ಕದ ಸಾಲಿನ ಯಾರಾದರೂ ಅಜ್ಜಿ ಸಿಕ್ಕೇ ಸಿಗುತ್ತಾರೆ. ಬೆಂಗಳೂರಿನ ವಿಮಾನದಲ್ಲಂತೂ ಮಗಳ ಬಾಣಂತನ ಮುಗಿಸಿ ಹೊರಟವರು ಒಬ್ಬರಾದರೂ ಇರುತ್ತಾರೆ.

ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ಇರುತ್ತದೆ. ಮುಳ್ಳಯ್ಯನಗಿರಿಯ ತುದಿಯೇ ಸುಮಾರು 6,330 ಅಡಿ. ಗಾಳಿ ತುಂಬಾ ಒಣಗಿರುತ್ತದೆ, ತೇವಾಂಶ ಶೇ 20ಕ್ಕಿಂತಲೂ ಕಡಿಮೆ. ಹೀಗಾಗಿ ಎದೆಹಾಲು, ನೀರು ಎಂದಿಗಿಂತ ಜಾಸ್ತಿ ಸಲ ಕೊಡಿ. ಊಟ ಕಡಿಮೆಯಾದರೆ ಯೋಚನೆ ಬೇಡ.

ಎಚ್ಚರ ಇರುವಾಗ ನಡೆಸಿ. ಹಿಂದಿನ ಅಡುಗೆ ಜಾಗದವರೆಗೆ ಹೋಗಿ ಬಂದರೆ ಹತ್ತು ನಿಮಿಷ ಕಳೆಯುತ್ತದೆ. ದೀಪ ಆರಿಸಿದಾಗ ಮನೆಯ ಕ್ರಮವನ್ನೇ ಮಾಡಿ: ಮುಖ ಒರೆಸಿ, ರಾತ್ರಿ ಬಟ್ಟೆ ಹಾಕಿ, ಹಾಲು ಕೊಟ್ಟು, ಸೀರೆ ಹೊದಿಸಿ, ಸಣ್ಣ ದನಿಯಲ್ಲಿ ಜೋಗುಳ. ಮಲಗಿದರೆ ಸರಿ, ಇಲ್ಲದಿದ್ದರೆ ಎದೆಗೆ ಕಟ್ಟಿಕೊಂಡು ಹಿಂಭಾಗದಲ್ಲಿ ನಿಂತು ತೂಗಿ. ನೆಲದ ಮೇಲೆ ಮಾತ್ರ ಮಲಗಿಸಬೇಡಿ.

ಮಗು ರಚ್ಚೆ ಹಿಡಿಯುವುದಂತೂ ಖಂಡಿತ. ಸುತ್ತಲಿನವರಿಗೆ ಮುಂಗಡ ಕ್ಷಮೆ ಕೇಳಿ ಚಾಕಲೇಟ್, ಕಿವಿಗೆ ಹತ್ತಿ ಹಂಚುವವರೂ ಇದ್ದಾರೆ. ನನ್ನ ಪ್ರಕಾರ ಅದರ ಅಗತ್ಯ ಇಲ್ಲ. ಪಕ್ಕದವರಿಗೆ ಒಂದು ನಮಸ್ಕಾರ ಸಾಕು. ಅತ್ತಾಗ ನೀವು ಎದ್ದು ಸಮಾಧಾನ ಮಾಡುತ್ತಿದ್ದೀರಿ ಎಂದು ಕಂಡರೆ ಹೆಚ್ಚಿನವರು ಸುಮ್ಮನಿರುತ್ತಾರೆ. ಮುಖ ಸಿಂಡರಿಸುವವರು ಮಗು ಇಲ್ಲದಿದ್ದರೂ ಸಿಂಡರಿಸುತ್ತಿದ್ದರು.

6. ಇಳಿಯುವ ಅರ್ಧ ಗಂಟೆ

ಏರುವಾಗಿಗಿಂತ ಇಳಿಯುವಾಗ ಕಿವಿ ನೋವು ಜಾಸ್ತಿ. ಗಂಟಲಿನಿಂದ ನಡುಗಿವಿಗೆ ಹೋಗುವ ಕೊಳವೆ ಮಕ್ಕಳಲ್ಲಿ ಸಣ್ಣದು, ಹೆಚ್ಚು ಅಡ್ಡಡ್ಡ ಇರುತ್ತದೆ. ಒತ್ತಡ ಸರಿಹೋಗಬೇಕಾದರೆ ನುಂಗುತ್ತಿರಬೇಕು. ವಿಮಾನ ನೆಲ ಮುಟ್ಟುವ ಅರ್ಧ ಗಂಟೆ ಮೊದಲೇ ಕೆಳಗಿಳಿಯಲು ಶುರು ಮಾಡುತ್ತದೆ. ಹಾಗಾಗಿ ಅದಕ್ಕೂ ಮುಂಚಿನ ಒಂದು ಗಂಟೆ ಹಾಲು ಕೊಡದೆ ಉಳಿಸಿ, ಇಳಿಯಲು ಶುರುವಾದಾಗ ಎದೆಹಾಲೋ ಬಾಟಲಿಯೋ ನೀರೋ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾ ಬನ್ನಿ. ನೆಗಡಿ ಇದ್ದು ಮಲಗಿದ್ದರೆ ಎಬ್ಬಿಸುವುದೇ ಒಳ್ಳೆಯದು. ಕಿವಿ ಸೋಂಕು ಇದ್ದರೆ ಹೊರಡುವ ಮೊದಲೇ ವೈದ್ಯರಿಗೆ ತೋರಿಸಿರಬೇಕು.

ನಡುವಿನ ನಿಲ್ದಾಣದಲ್ಲಿ ಸ್ಟ್ರೋಲರ್ ಮರೆತುಬಿಡಿ. ಖಾಲಿ ಗೇಟ್ ಒಂದನ್ನು ಹುಡುಕಿ, ಮಗುವನ್ನು ಕೆಳಗೆ ಬಿಡಿ. ಮುಂದಿನ ವಿಮಾನದ ನಿದ್ದೆ ಇಲ್ಲೇ ಸಂಪಾದನೆ ಆಗಬೇಕು.

7. ಊರು ಸೇರಿದ ಮೇಲೆ

ಸ್ಯಾನ್ ಫ್ರಾನ್ಸಿಸ್ಕೋಗೂ ಬೆಂಗಳೂರಿಗೂ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ. ಹಗಲು ರಾತ್ರಿ ಪೂರ್ತಿ ತಿರುಗುಮುರುಗು. ಮೊದಲ ಮೂರು-ನಾಲ್ಕು ರಾತ್ರಿ ಮಗು ಎರಡು ಗಂಟೆಗೆ ಎದ್ದು ಆಟಕ್ಕೆ ಕೂರುತ್ತದೆ. ದೀಪ, ಟಿವಿ ಹಾಕಬೇಡಿ. ಮಂದ ಬೆಳಕಿನಲ್ಲೇ ಏನಾದರೂ ತಿನ್ನಿಸಿ, ಮತ್ತೆ ಮಲಗಿಸಲು ನೋಡಿ. ಬೆಳಿಗ್ಗೆ ಏಳಕ್ಕೆ ಪರದೆ ಸರಿಸಿ, ಬಿಸಿಲಿಗೆ ಕರೆದೊಯ್ಯಿರಿ. ಮಧ್ಯಾಹ್ನದ ನಿದ್ದೆ ಎರಡು ಗಂಟೆಗಿಂತ ಹೆಚ್ಚು ಬೇಡ. ‘ಪಾಪ ಮಲಗಲಿ ಬಿಡು’ ಎಂದು ಅಜ್ಜಿ ಹೇಳುತ್ತಾರೆ, ಅವರನ್ನು ಒಪ್ಪಿಸುವುದು ನಿಮ್ಮ ಕೆಲಸ. ಮುಡಿ, ಹುಟ್ಟುಹಬ್ಬ, ನೆಂಟರ ಊಟ ಇವನ್ನು ಮೊದಲ ವಾರದಲ್ಲಿ ಇಟ್ಟುಕೊಳ್ಳಬೇಡಿ.

ವಾಪಸು ಹೋಗುವ ಬ್ಯಾಸಿನೆಟ್ ಸೀಟನ್ನು ಬೇರೆಯಾಗಿಯೇ ಕೇಳಬೇಕು. ಎರಡು ತಿಂಗಳು ಅಜ್ಜಿ ಮನೆಯ ತುಪ್ಪ ತಿಂದ ಮಗು ಮಿತಿ ದಾಟಿದ್ದರೂ ದಾಟಿರಬಹುದು, ಹೊರಡುವ ವಾರ ಒಮ್ಮೆ ತೂಕ ನೋಡಿ ಫೋನ್ ಮಾಡಿ. ಇನ್ನೇನು ಎರಡು ತುಂಬುವ ಮಗುವಾದರೆ ತಾರೀಖು ನೋಡಿಕೊಳ್ಳಿ. ವಾಪಸು ಪ್ರಯಾಣದ ಹೊತ್ತಿಗೆ ಎರಡು ತುಂಬಿದ್ದರೆ ಮಡಿಲಲ್ಲಿ ಕೂರಿಸಲು ಬಿಡುವುದಿಲ್ಲ, ಮಗುವಿಗೆ ಬೇರೆ ಸೀಟೇ ತೆಗೆಯಬೇಕು.