ಸಾವಿರ ಪೌಂಡಿನ ಆಟಗಾರ: ಆಲ್ಫ್ ಕಾಮನ್ ವೃತ್ತಿಜೀವನವನ್ನು ನಾನು ಬರೆದ ಬಗೆ

ಇಂಗ್ಲೆಂಡಿನ ಫುಟ್‌ಬಾಲ್ ಇತಿಹಾಸದಲ್ಲಿ ಆಲ್ಫ್ ಕಾಮನ್ ಅವರ ಹೆಸರು ಬಂದಲ್ಲೆಲ್ಲ ಅದರ ಬೆನ್ನಿಗೇ ಒಂದು ಬೆಲೆಯೂ ಬರುತ್ತದೆ. 1905ರ ಫೆಬ್ರವರಿಯಲ್ಲಿ ಮಿಡಲ್ಸ್‌ಬರೋ ಕ್ಲಬ್ಬು ಸಂಡರ್ಲೆಂಡ್ ಕ್ಲಬ್ಬಿಗೆ 1,000 ಪೌಂಡ್ ತೆತ್ತು ಅವರನ್ನು ಪಡೆದುಕೊಂಡಿತು. ಒಬ್ಬ ಆಟಗಾರನಿಗಾಗಿ ಅಷ್ಟು ಹಣ ಕೈಬದಲಾದದ್ದು ಅದೇ ಮೊದಲು. ಕ್ರೀಡಾ ಇತಿಹಾಸದ ಲೇಖನವೊಂದಕ್ಕಾಗಿ ಅವರ ವೃತ್ತಿಜೀವನವನ್ನು ಕನ್ನಡದಲ್ಲಿ ಬರೆಯಲು ಹೊರಟಾಗ ನನಗೆ ಎದುರಾದ ತೊಡಕೂ ಈ ಬೆಲೆಯೇ. ಐಪಿಎಲ್ ಹರಾಜನ್ನು ವರ್ಷವರ್ಷವೂ ನೋಡುವ ನಮ್ಮ ಓದುಗರಿಗೆ ಕೂಗಿದ ಮೊತ್ತವೆಂದರೆ ಆಟಗಾರನಿಗೆ ಸಿಗುವ ಸಂಭಾವನೆ. ಕಾಮನ್ ಅವರ ಕಾಲದಲ್ಲಿ ಆ ಸಾವಿರ ಪೌಂಡು ಒಂದು ಕ್ಲಬ್ಬಿನ ಖಜಾನೆಯಿಂದ ಇನ್ನೊಂದು ಕ್ಲಬ್ಬಿನ ಖಜಾನೆಗೆ ಹೋಯಿತೇ ಹೊರತು ಆಡುವವರ ಕೈಗೆ ಸೇರಲಿಲ್ಲ. ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಉಳಿದ ಕಥೆಯೆಲ್ಲ ತಲೆಕೆಳಗಾಗುತ್ತದೆ ಎನ್ನಿಸಿತು.

ಉದ್ಯೋಗದಲ್ಲಿ ನಾನು ಲೆಕ್ಕಪರಿಶೋಧಕ. ಹಾಗಾಗಿ ಗೋಲುಗಳ ಪಟ್ಟಿಯಿಂದ ಆರಂಭಿಸದೆ, ಕಾಗದದ ಒಂದು ಬದಿಯಲ್ಲಿ ಅವರು ಕ್ಲಬ್ಬು ಬದಲಿಸಿದ ವರ್ಷಗಳನ್ನೂ ಮೊತ್ತಗಳನ್ನೂ, ಇನ್ನೊಂದು ಬದಿಯಲ್ಲಿ ಆಯಾ ವರ್ಷ ಜಾರಿಯಲ್ಲಿದ್ದ ನಿಯಮಗಳನ್ನೂ ಬರೆದುಕೊಂಡೆ. ಎರಡನೆಯ ಬದಿಯೇ ಹೆಚ್ಚು ಮಾತಾಡಿತು. 1893ರಿಂದ ನಡೆದುಬಂದ ಪದ್ಧತಿಯಂತೆ, ಒಮ್ಮೆ ಲೀಗ್ ಕ್ಲಬ್ಬೊಂದರಲ್ಲಿ ನೋಂದಣಿಯಾದ ಆಟಗಾರನು ಕರಾರು ಮುಗಿದ ಮೇಲೂ ಆ ಕ್ಲಬ್ಬಿನ ಒಪ್ಪಿಗೆಯಿಲ್ಲದೆ ಲೀಗಿನ ಬೇರೆ ಕ್ಲಬ್ಬಿಗೆ ಆಡುವಂತಿರಲಿಲ್ಲ. 1901ರಿಂದ ಇಂಗ್ಲೆಂಡಿನ ಆಟದ ಆಡಳಿತ ಸಂಸ್ಥೆಯಾದ ಫುಟ್‌ಬಾಲ್ ಅಸೋಸಿಯೇಷನ್ ವಾರಕ್ಕೆ ನಾಲ್ಕು ಪೌಂಡಿನ ಗರಿಷ್ಠ ವೇತನವನ್ನು ವಿಧಿಸಿತು. ಹೊಸದಾಗಿ ಸಹಿ ಹಾಕುವವರಿಗೆ ಹತ್ತು ಪೌಂಡಿಗಿಂತ ಹೆಚ್ಚು ಕೊಡುವಂತಿರಲಿಲ್ಲ, ಗೆದ್ದದ್ದಕ್ಕೆ ಬೋನಸ್ಸೂ ನಿಷಿದ್ಧ. ಆಟಗಾರನ ಕೂಲಿಗೆ ಮಿತಿ, ಆಟಗಾರನ ಬೆಲೆಗೆ ಮಿತಿಯಿಲ್ಲ: ಕಾಮನ್ ಅವರ ಬದುಕು ಈ ಎರಡರ ನಡುವೆ ಸಾಗಿತು.

1880ರಲ್ಲಿ ಸಂಡರ್ಲೆಂಡಿನ ಮಿಲ್‌ಫೀಲ್ಡ್‌ನಲ್ಲಿ ಹುಟ್ಟಿದ ಅವರು, 1900ರಲ್ಲಿ ತಮ್ಮ ಊರಿನ ಕ್ಲಬ್ಬನ್ನೇ ಸೇರಿದರು. ಆಗಿನ ವ್ಯೂಹದಲ್ಲಿ ಮುಂದೆ ಐವರು ಆಡುತ್ತಿದ್ದರು, ಕಾಮನ್ ಆ ಐವರಲ್ಲೊಬ್ಬರು, ಗಟ್ಟಿಮುಟ್ಟಾದ ದೇಹದವರು. ಮರುವರ್ಷವೇ ಶೆಫೀಲ್ಡ್ ಯುನೈಟೆಡ್ 325 ಪೌಂಡ್ ಕೊಟ್ಟು ಅವರನ್ನು ಕರೆದೊಯ್ದಿತು. ಸೋತ ತಂಡ ಹೊರಬೀಳುವ ಟೂರ್ನಿಯಾದ 1902ರ ಎಫ್‌.ಎ. ಕಪ್ ಅಂತಿಮ ಪಂದ್ಯದಲ್ಲಿ ಸೌತಾಂಪ್ಟನ್ ವಿರುದ್ಧ ಶೆಫೀಲ್ಡ್ ಪರ ಗೋಲು ಹೊಡೆದವರು ಅವರೇ. ಕೊನೆಯ ಗಳಿಗೆಯಲ್ಲಿ ಸೌತಾಂಪ್ಟನ್ ಸಮ ಮಾಡಿಕೊಂಡಿತು, ಒಂದು ವಾರದ ಬಳಿಕ ನಡೆದ ಮರುಪಂದ್ಯವನ್ನು ಶೆಫೀಲ್ಡ್ 2–1ರಿಂದ ಗೆದ್ದಿತು. ಆ ಸಮಬಲದ ಗೋಲಿನಿಂದ ಸಿಟ್ಟಿಗೆದ್ದ ಶೆಫೀಲ್ಡಿನ ದೈತ್ಯ ಗೋಲ್‌ಕೀಪರ್ ಫೌಕ್, ಸ್ನಾನದ ಮನೆಯಿಂದ ಬತ್ತಲೆಯಾಗಿಯೇ ಎದ್ದು ರೆಫರಿಯನ್ನು ಹುಡುಕಿಕೊಂಡು ಹೋದರೆಂಬ ಕಥೆ ಬಹಳ ಪ್ರಸಿದ್ಧವಾದದ್ದು. ಒಗ್ಗರಣೆಗೆ ಅದು ಚೆನ್ನಾಗಿಯೇ ಒದಗುತ್ತಿತ್ತು. ಆದರೆ ಗೋಲು ಹೊಡೆದವರ ಬಗ್ಗೆ ಬರೆಯುವಾಗ ಓದುಗರ ನೆನಪಿನಲ್ಲಿ ಗೋಲ್‌ಕೀಪರ್ ಮಾತ್ರ ಉಳಿಯುತ್ತಾರೆಂದು ಅದನ್ನು ಲೇಖನದಿಂದ ಹೊರಗಿಟ್ಟೆ.

ನಾನು ಹೆಚ್ಚು ಹೊತ್ತು ನಿಂತದ್ದು 1904–05ರ ಋತುವಿನಲ್ಲಿ. 1904ರ ಬೇಸಿಗೆಯಲ್ಲಿ ಕಾಮನ್ ಸಂಡರ್ಲೆಂಡಿಗೆ ಹಿಂದಿರುಗಿದರು. ಗೋಲ್‌ಕೀಪರ್ ಆಲ್ಬರ್ಟ್ ಲೂಯಿಸ್ ಅವರೂ ಜೊತೆಗೆ ಬಂದರು, ಇಬ್ಬರಿಗೂ ಸೇರಿ 520 ಪೌಂಡ್. ಇದರಲ್ಲಿ ಕಾಮನ್ ಪಾಲೆಷ್ಟು ಎಂದು ಬಿಡಿಸಲು ಬರುವುದಿಲ್ಲವಾದ್ದರಿಂದ, ಮೊತ್ತವನ್ನು ಅವರೊಬ್ಬರ ಹೆಸರಿನ ಮುಂದೆ ಬರೆಯದೆ ಇಬ್ಬರ ಹೆಸರಿನಲ್ಲೂ ತೋರಿಸಿದೆ. ಒಂದು ಋತು ಮುಗಿಯುವ ಮೊದಲೇ ಅದೇ ಆಟಗಾರ 1,000 ಪೌಂಡಿಗೆ ಮಿಡಲ್ಸ್‌ಬರೋಗೆ ಹೋದರು. ಕೊಂಡುಕೊಂಡ ಕ್ಲಬ್ಬಿನ ಸ್ಥಿತಿಯನ್ನು ನೋಡಿದರೆ ಈ ಏರಿಕೆ ಅರ್ಥವಾಗುತ್ತದೆ. ಮಿಡಲ್ಸ್‌ಬರೋ 1902ರಲ್ಲಷ್ಟೇ ಲೀಗಿನ ಮೊದಲ ದರ್ಜೆಗೆ ಏರಿತ್ತು, 1903ರಲ್ಲಿ ಏರ್ಸಮ್ ಪಾರ್ಕ್ ಎಂಬ ಹೊಸ ಕ್ರೀಡಾಂಗಣವನ್ನು ಕಟ್ಟಿಕೊಂಡಿತ್ತು, ಮತ್ತು ಆ ಚಳಿಗಾಲದಲ್ಲಿ ಮರಳಿ ಎರಡನೆಯ ದರ್ಜೆಗೆ ಜಾರುವ ಭಯದಲ್ಲಿತ್ತು. ಪರಸ್ಥಳದಲ್ಲಿ ಆಡಿದ ಪಂದ್ಯವೊಂದನ್ನು ಅದು ಗೆದ್ದು ಎರಡು ವರ್ಷಗಳಾಗುತ್ತ ಬಂದಿತ್ತು.

ಸಾವಿರ ಪೌಂಡನ್ನು ಇಂದಿನ ರೂಪಾಯಿಗೆ ಪರಿವರ್ತಿಸಿ ಕೊಡಬೇಕೆಂಬ ಸಲಹೆ ಬಂದಿತ್ತು, ನಾನು ಒಪ್ಪಲಿಲ್ಲ. ನೂರು ವರ್ಷದ ಬೆಲೆಯೇರಿಕೆಯನ್ನು ಗುಣಿಸಿ ತೆಗೆದ ಸಂಖ್ಯೆ ನೋಡಲು ದೊಡ್ಡದಾಗಿರುತ್ತದೆ, ಹೇಳುವುದು ಕಡಿಮೆ. ಅದರ ಬದಲು ಆ ಕಾಲದ ಅಳತೆಗೋಲನ್ನೇ ಬಳಸಿದೆ: ವಾರಕ್ಕೆ ನಾಲ್ಕು ಪೌಂಡಿನ ಗರಿಷ್ಠ ವೇತನದಲ್ಲಿ ಸಾವಿರ ಪೌಂಡೆಂದರೆ 250 ವಾರಗಳ ದುಡಿಮೆ, ಅಂದರೆ ಒಂದು ವಾರವನ್ನೂ ತಪ್ಪಿಸದೆ ಪೂರ್ಣ ವೇತನ ಪಡೆದರೂ ಐದು ವರ್ಷಕ್ಕೆ ಸ್ವಲ್ಪವೇ ಕಡಿಮೆ. ಕಾಮನ್ ಮಿಡಲ್ಸ್‌ಬರೋದಲ್ಲಿ ಆಡಿದ್ದೂ ಸುಮಾರು ಅಷ್ಟೇ ಕಾಲ, 1910ರವರೆಗೆ. ಅವರನ್ನು ತಂದುಕೊಳ್ಳಲು ಕ್ಲಬ್ಬು ಕೊಟ್ಟ ಹಣ, ಅವರು ಅಲ್ಲಿದ್ದಷ್ಟು ದಿನ ನಿಯಮದ ಪ್ರಕಾರ ಪಡೆಯಬಹುದಾಗಿದ್ದ ಸಂಬಳಕ್ಕೆ ಹತ್ತಿರಹತ್ತಿರ ಸಮ.

1905ರ ಫೆಬ್ರವರಿ 25ರಂದು ಕಾಮನ್ ಹೊಸ ಕ್ಲಬ್ಬಿನ ಪರವಾಗಿ ಮೊದಲ ಬಾರಿ ಕಣಕ್ಕಿಳಿದದ್ದು ತಮ್ಮ ಹಳೆಯ ಶೆಫೀಲ್ಡ್ ಯುನೈಟೆಡ್ ವಿರುದ್ಧ, ಅವರದೇ ಬ್ರಾಮಲ್ ಲೇನ್ ಮೈದಾನದಲ್ಲಿ. (ಕ್ರಿಕೆಟ್ ಪ್ರಿಯರಿಗೆ ಒಂದು ಮಾತು: 1902ರಲ್ಲಿ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ಟೆಸ್ಟ್ ಆಡಿದ್ದೂ ಇದೇ ಅಂಗಳದಲ್ಲಿ.) ಪಂದ್ಯದ ಏಕೈಕ ಗೋಲು ಪೆನಾಲ್ಟಿಯಿಂದ ಬಂತು, ಒದ್ದವರು ಕಾಮನ್. ಇಲ್ಲಿ ಆಗಿನ ನಿಯಮವನ್ನು ನೆನೆಯದೆ ಮುಂದೆ ಹೋಗಬಾರದೆಂದು ನನಗನ್ನಿಸಿತು. ಪೆನಾಲ್ಟಿ ಒದೆಯುವಾಗ ಗೋಲ್‌ಕೀಪರ್ ಗೆರೆಯ ಮೇಲೆಯೇ ನಿಲ್ಲಬೇಕೆಂಬ ನಿಯಮ ಬಂದದ್ದು ಅದೇ ವರ್ಷದ ಬೇಸಿಗೆಯಲ್ಲಿ. ಫೆಬ್ರವರಿಯಲ್ಲಿ ಆತ ಆರು ಗಜದವರೆಗೆ ಮುಂದೆ ಬರಬಹುದಿತ್ತು. ಹನ್ನೆರಡು ಗಜದಿಂದ ಒದೆಯುವವನಿಗೆ ಎದುರಾಳಿ ಅರ್ಧ ದಾರಿಯಲ್ಲೇ ಕೈಚಾಚಿ ನಿಂತರೆ ಗೋಲಿನ ಬಾಯಿ ಎಷ್ಟು ಕಿರಿದಾಗಿ ಕಾಣುತ್ತದೆ ಎಂಬುದನ್ನು ಊಹಿಸಿಕೊಂಡರೆ, ಆ ಒದೆತವನ್ನು ಸುಲಭದ ಗೋಲೆಂದು ತಳ್ಳಿಹಾಕಲಾಗದು. ಮಿಡಲ್ಸ್‌ಬರೋ 1–0ಯಿಂದ ಗೆದ್ದಿತು, ಪರಸ್ಥಳದಲ್ಲಿ ಗೆಲುವಿಲ್ಲದ ಸರಣಿ ಮುರಿಯಿತು.

ಋತುವಿನ ಕೊನೆಗೆ ಹದಿನೆಂಟು ತಂಡಗಳಲ್ಲಿ ಮಿಡಲ್ಸ್‌ಬರೋ ಹದಿನೈದನೆಯದಾಗಿ ಉಳಿದುಕೊಂಡಿತು. ಹೆಚ್ಚಿನ ಬರಹಗಳು ಇಲ್ಲಿಗೆ ನಿಂತು, ಸಾವಿರ ಪೌಂಡು ಕ್ಲಬ್ಬನ್ನು ಉಳಿಸಿತು ಎನ್ನುತ್ತವೆ. ಮುಂದಿನ ಋತುವಿನ ತಂಡಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದಾಗ ಬೇರೆಯದೇ ಸಂಗತಿ ಕಂಡಿತು: ಆ ವರ್ಷ ಮೊದಲ ದರ್ಜೆಯನ್ನು ಇಪ್ಪತ್ತು ತಂಡಗಳಿಗೆ ಹಿಗ್ಗಿಸಿದ್ದರಿಂದ, ಕೊನೆಯ ಎರಡು ಸ್ಥಾನದಲ್ಲಿದ್ದ ಬರಿ ಮತ್ತು ನಾಟ್ಸ್ ಕೌಂಟಿಗಳೂ ಕೆಳಗಿಳಿಯಲಿಲ್ಲ. ಯಾವ ವಿಪತ್ತಿಗೆ ಹೆದರಿ ಆ ಹಣ ಸುರಿಯಲಾಯಿತೋ ಆ ವಿಪತ್ತು ಆ ವರ್ಷ ಯಾರಿಗೂ ಬರಲೇ ಇಲ್ಲ. ಮರುವರ್ಷ ಮಿಡಲ್ಸ್‌ಬರೋ ಮತ್ತೆ ತಳದ ಹತ್ತಿರ, ಹದಿನೆಂಟನೆಯ ಸ್ಥಾನಕ್ಕೆ ಕುಸಿಯಿತು. ಸ್ಟೀವ್ ಬ್ಲೂಮರ್ ಅವರಂಥ ಖ್ಯಾತನಾಮರನ್ನೂ ಡರ್ಬಿ ಕೌಂಟಿ ಕ್ಲಬ್ಬಿನಿಂದ ತರಿಸಿಕೊಂಡಿತು. ಮಿಡಲ್ಸ್‌ಬರೋ ಪರ ಕಾಮನ್ ಅವರ ಲೀಗ್ ದಾಖಲೆ 168 ಪಂದ್ಯಗಳಲ್ಲಿ 58 ಗೋಲು. ಮುನ್ಪಡೆಯ ಆಟಗಾರನಿಗೆ ಇದು ಒಳ್ಳೆಯ ದಾಖಲೆಯೇ, ಆದರೆ ಬೆಲೆಯ ಹೆಸರಿನಲ್ಲಿ ಅವರಿಂದ ಪವಾಡ ನಿರೀಕ್ಷಿಸಿದವರ ಕಣ್ಣಿಗೆ ಅದು ಸಣ್ಣದಾಗಿ ಕಂಡಿತು. ಅವರನ್ನು ಹಣದಾಸೆಯ ಸಂಕೇತವಾಗಿ ಚಿತ್ರಿಸುವುದು ನನಗೆ ಅನ್ಯಾಯವೆನಿಸುತ್ತದೆ. ದರ ಕಟ್ಟಿದವರು ಕ್ಲಬ್ಬಿನ ನಿರ್ದೇಶಕರು.

ಈ ಏರುದರಕ್ಕೆ ಕಡಿವಾಣ ಹಾಕಲು 1908ರ ಜನವರಿಯಲ್ಲಿ ಅಸೋಸಿಯೇಷನ್ ವರ್ಗಾವಣೆ ಶುಲ್ಕಕ್ಕೆ 350 ಪೌಂಡಿನ ಮಿತಿ ತಂದಿತು. ಬೇಕಾದ ಆಟಗಾರನ ಜೊತೆ ಬೇಡದವರನ್ನೂ ತಲಾ 350ರಂತೆ ಕೊಂಡು ಕ್ಲಬ್ಬುಗಳು ಅದನ್ನು ದಾಟಿಕೊಂಡವು, ಕೆಲವೇ ತಿಂಗಳಲ್ಲಿ ಮಿತಿ ಬಿದ್ದುಹೋಯಿತು. ವೇತನದ ಮಿತಿ ಮಾತ್ರ ಅಲುಗಲಿಲ್ಲ. 1907ರ ಡಿಸೆಂಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಆಟಗಾರರ ಸಂಘ ಹುಟ್ಟಿದ್ದರ ಹಿಂದೆ ಇದೇ ಅಸಮಾಧಾನವಿತ್ತು. 1910ರಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದವರಿಗೆ ಹಂತಹಂತವಾಗಿ ಐದು ಪೌಂಡಿನವರೆಗೆ ಕೊಡಲು ಅನುಮತಿ ಸಿಕ್ಕಿತು.

ಕೊನೆಯ ವರ್ಷಗಳನ್ನು ಚಿಕ್ಕದಾಗಿ ಮುಗಿಸಿದೆ. 1910ರಲ್ಲಿ ವುಲಿಚ್ ಆರ್ಸೆನಲ್, 1912ರ ಡಿಸೆಂಬರಿನಲ್ಲಿ ಪ್ರೆಸ್ಟನ್ ನಾರ್ತ್ ಎಂಡ್. ಆ ಋತುವಿನಲ್ಲಿ ಆರ್ಸೆನಲ್ ಮೊದಲ ದರ್ಜೆಯ ತಳ ಮುಟ್ಟಿ ಕೆಳಗಿಳಿಯಿತು, ಪ್ರೆಸ್ಟನ್ ಎರಡನೆಯ ದರ್ಜೆಯನ್ನು ಗೆದ್ದು ಮೇಲೇರಿತು. ಇಂಗ್ಲೆಂಡ್ ಪರ 1904 ಮತ್ತು 1906ರಲ್ಲಿ ಆಡಿದ ಮೂರು ಪಂದ್ಯ, ಎರಡು ಗೋಲುಗಳನ್ನೂ ಇಲ್ಲಿಯೇ ಸೇರಿಸಿದೆ. 1914ರಲ್ಲಿ ಆಟ ಬಿಟ್ಟ ಮೇಲೆ, ಆ ಕಾಲದ ಎಷ್ಟೋ ಆಟಗಾರರಂತೆ ಅವರೂ ಪಬ್ ನಡೆಸಿ ಬದುಕಿದರು, ಡಾರ್ಲಿಂಗ್ಟನ್ನಿನಲ್ಲಿ. 1946ರಲ್ಲಿ ಅವರು ತೀರಿಕೊಂಡಾಗಲೂ ಗರಿಷ್ಠ ವೇತನದ ನಿಯಮ ಜಾರಿಯಲ್ಲೇ ಇತ್ತು. ಅದು ರದ್ದಾದದ್ದು 1961ರಲ್ಲಿ.